ಎಡಗೈ ಜೇಬಿನಲ್ಲಿ

ಹೊರಮಾವು, ಬೆಂಗಳೂರು
14 ಜನವರಿ 2024

ಪಾಷಾ ಭಾಯ್ ಅವರಿಗೆ ಕೋಕಿಲಾಳ ನಮಸ್ಕಾರ.

ನಿಮ್ಮ ಎರಡೂ ಪೆಟ್ಟಿಗೆಗಳು ಹೋದ ತಿಂಗಳ ಮೊದಲಲ್ಲೇ ಜೋಪಾನವಾಗಿ ಬಂದು ಸೇರಿದವು; ರಿಪೇರಿ ಮುಗಿಸಿಯೇ ಬರೆಯೋಣವೆಂದು ತಡಮಾಡಿದೆ. ನಮ್ಮ ಲಿಫ್ಟ್ ಎಂದಿನಂತೆ ಕೆಟ್ಟು ನಿಂತಿದ್ದರಿಂದ ನಿಮ್ಮ ಅಣ್ಣನ ಮಗ ಅವನ್ನು ನಾಲ್ಕು ಮಹಡಿ ಹೊತ್ತು ತರಬೇಕಾಯಿತು. ಪುಲಿಕೇಶಿನಗರದ ನಿಮ್ಮ ಕೋಣೆಯನ್ನು ಖಾಲಿ ಮಾಡಿ ಬೀಗದ ಕೈ ಕೊಟ್ಟಾಯಿತು ಎಂದ. ಕಂಟೋನ್ಮೆಂಟಿನ ಅರ್ಧ ಹವ್ಯಾಸಿ ರೇಡಿಯೋ ಹ್ಯಾಮ್‌ಗಳು ಬೆಸುಗೆ ಹಾಕುವುದನ್ನು ಕಲಿತದ್ದು ಆ ಕೋಣೆಯಲ್ಲಿ. ನೀವು ರಾಯಚೂರು ಸೇರಿ ಎರಡು ವರ್ಷವಾದರೂ ಕೋಣೆಯಾದರೂ ಇದೆಯಲ್ಲ ಅಂದುಕೊಂಡಿದ್ದೆ. ಈಗ ಅದೂ ಇಲ್ಲ. ಬೇಜಾರಾಯಿತು, ಸುಳ್ಳೇಕೆ ಹೇಳಲಿ.

ಮೊದಲು ಟ್ರಾನ್ಸೀವರ್ ವಿಷಯ. ನೀವು ಚೀಟಿಯಲ್ಲಿ ಬರೆದಂತೆ ಅದು ಮಾತು ಕೇಳಿಸುತ್ತಿತ್ತು, ಆದರೆ ಕಳಿಸುತ್ತಿರಲಿಲ್ಲ. ರಿಲೇಯ ಮೂತಿಗೆ ಕಪ್ಪು ಹಿಡಿದಿತ್ತು. ಮದುವೆಯ ಕಾಗದದ ಒಂದು ಪಟ್ಟಿ ಕತ್ತರಿಸಿ, ಸ್ಪಿರಿಟ್‌ನಲ್ಲಿ ಅದ್ದಿ, ಸಂದಿಗೆ ತೂರಿಸಿ ಎಳೆದೆ. ಒಣಗಿಹೋಗಿದ್ದ ಏಳು ಕೆಪಾಸಿಟರ್ ಬದಲಿಸಿದೆ. ಈಗ ನೂರು ವಾಟ್ ಸಲೀಸಾಗಿ ಬರುತ್ತಿದೆ. ಟೆಲಿಫೋನ್ ಕಾರ್ಖಾನೆಯ ಟೆಸ್ಟ್ ಬೆಂಚಿನಲ್ಲಿ ಮೂವತ್ತೆರಡು ವರ್ಷ ಕೂತ ಕಣ್ಣು ನಿವೃತ್ತಿಯಾದರೂ ಮರೆತಿಲ್ಲ.

ಆದರೆ ನೂರು ವಾಟ್ ಸಾಲದು ಭಾಯ್. ಭಾನುವಾರ ಬೆಳಗ್ಗೆ ಎಂಟಕ್ಕೆ ಎಲ್ಲರೂ ಹಾಜರಿ ಹಾಕುವ ನಮ್ಮ ರೇಡಿಯೋ ನೆಟ್ಟಿನಲ್ಲಿ ನನ್ನ ದನಿ ಯಾರಿಗೂ ಮುಟ್ಟುತ್ತಿಲ್ಲ. ನಿಮ್ಮ ಶಿಷ್ಯ ಗುರುರಾಜ್ ಇಂದಿರಾನಗರದಿಂದ ನೆಟ್ ನಡೆಸುತ್ತಾನೆ. ಪ್ರತಿವಾರವೂ ಅವನದು ಒಂದೇ ಮಾತು: "ಹೊರಮಾವು ಸ್ಟೇಷನ್ ತುಂಬಾ ವೀಕು. ಸ್ಟ್ಯಾಂಡ್ ಬೈ ಮಾಡಿ ಮೇಡಂ." ಸ್ಟ್ಯಾಂಡ್ ಬೈ ಮಾಡುತ್ತೇನೆ. ನೆಟ್ ಮುಗಿಯುತ್ತದೆ. ನನ್ನ ಸರದಿ ಬರುವುದೇ ಇಲ್ಲ.

ಹಾಗಾಗಿ ನೀವು ಕಳಿಸಿದ ಎರಡನೆಯ ಪೆಟ್ಟಿಗೆಯನ್ನು ಕಂಡು ಕುಣಿದಾಡಿದೆ. ನಿಮ್ಮ ವಾಲ್ವ್ ಎಂಪ್ಲಿಫೈಯರ್! ನೂರು ವಾಟನ್ನು ನಾನೂರು ಮಾಡುವ ದೈತ್ಯ. ನನ್ನ ಲೈಸೆನ್ಸಿಗೂ ಅಷ್ಟಕ್ಕೆ ಅನುಮತಿ ಇದೆ. ಆದರೆ ಮುಚ್ಚಳದ ಮೇಲೆ ಕೆಂಪು ಶಾಯಿಯಲ್ಲಿ ಇದೇನು ಬರೆದಿದ್ದೀರಿ? "ತೆರೆಯಬೇಡ. ಚಾಲೂ ಮಾಡಬೇಡ. ಶೋಕೇಸಿನಲ್ಲಿಡು." ಅಕ್ಷರಗಳೂ ಎಡಕ್ಕೆ ವಾಲಿವೆ. ನಿಮ್ಮ ಬರಹ ಮುದ್ರೆ ಒತ್ತಿದ ಹಾಗಿರುತ್ತಿತ್ತಲ್ಲ?

ಕಾರಣ ತಿಳಿಸಿ. ನಮ್ಮ ಹ್ಯಾಮ್ ಪದ್ಧತಿಯಂತೆ ಶುಭಾಶಯದ ಎಪ್ಪತ್ತಮೂರು.

ಕೋಕಿಲಾ

*

ರಾಯಚೂರು
29 ಜನವರಿ 2024

ಕೋಕಿಲಮ್ಮನಿಗೆ,

ಟ್ರಾನ್ಸೀವರ್ ಬದುಕಿತೆಂದು ಓದಿ ಸಂತೋಷವಾಯಿತು. ಶಹಬಾಸ್.

ಎಂಪ್ಲಿಫೈಯರ್‌ಗೆ ವಯಸ್ಸಾಗಿದೆ, ನನ್ನಂತೆ. ಇನ್ನು ಅದರಿಂದ ಕೆಲಸ ತೆಗೆಯಬಾರದು. ದನಿ ಮುಟ್ಟದಿದ್ದರೆ ವಾಟ್ ಏರಿಸಬೇಕಿಲ್ಲ, ಆಂಟೆನಾ ತಂತಿಯನ್ನು ಏರಿಸು. ಇದನ್ನು ನಾನೇ ನಿನಗೆ ಹೇಳಿಕೊಟ್ಟಿದ್ದೆ. ಅದೂ ಅಲ್ಲದೆ, ಈ ವಯಸ್ಸಿನಲ್ಲಿ ನಿನಗೆ ನಾನೂರು ವಾಟ್ ಯಾಕಮ್ಮ? ನಿನ್ನ ಯಜಮಾನರು ಜಯಂತ್ ಅವರ ಜೊತೆ ನೆಮ್ಮದಿಯಾಗಿರು. ವಾರಕ್ಕೊಮ್ಮೆ ನೆಟ್ ಕೇಳು, ಸಾಕು.

ಅಕ್ಷರ ವಾಲಿದ್ದಕ್ಕೆ ಕನ್ನಡಕ ಕಾರಣ. ಹೊಸದು ಮಾಡಿಸಬೇಕು.

ಎಪ್ಪತ್ತಮೂರು.

ಅಹ್ಮದ್ ಪಾಷಾ

*

ಹೊರಮಾವು
8 ಫೆಬ್ರವರಿ 2024

ಪಾಷಾ ಭಾಯ್,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಮೈ ಉರಿಯಿತು.

"ನೆಟ್ ಕೇಳು, ಸಾಕು." ಇದನ್ನು ಬೇರೆ ಯಾರಾದರೂ ಬರೆದಿದ್ದರೆ ಹರಿದು ಹಾಕುತ್ತಿದ್ದೆ. ಕೇಳಿಸಿಕೊಳ್ಳುವುದಕ್ಕೆ ಲೈಸೆನ್ಸ್ ಯಾಕೆ ಬೇಕಿತ್ತು ನನಗೆ? ಮೂವತ್ತು ವರ್ಷದ ಹಿಂದೆ ಸೀರೆ ಉಟ್ಟುಕೊಂಡು, ಕಾರ್ಖಾನೆಯ ಪಾಳಿ ಮುಗಿಸಿ, ಕೃಷ್ಣರಾಜಪುರದಿಂದ ಎರಡು ಬಸ್ ಬದಲಿಸಿ ನಿಮ್ಮ ಕೋಣೆಗೆ ಬಂದಾಗ ಅಲ್ಲಿದ್ದ ಗಂಡಸರೆಲ್ಲ ಮುಖ ಮುಖ ನೋಡಿಕೊಂಡರು. ನೀವು ಮಾತ್ರ ಎಲ್ಲರಿಗೂ ಹೇಳಿದಂತೆ ನನಗೂ ಹೇಳಿದಿರಿ: "ಹೈ ವೋಲ್ಟೇಜ್ ಮುಂದೆ ಕೂತಾಗ ಎಡಗೈ ಜೇಬಲ್ಲಿ ಇರ್ಬೇಕು. ಒಂದೇ ಕೈ ಒಳಗೆ ಹೋಗ್ಬೇಕು. ಎರಡು ಕೈ ಹಾಕಿದ್ರೆ ಕರೆಂಟು ಒಂದ್ರಿಂದ ಹತ್ತಿ, ಎದೆ ದಾಟಿ, ಇನ್ನೊಂದ್ರಿಂದ ಇಳಿಯುತ್ತೆ." ಸೀರೆಗೆ ಜೇಬೆಲ್ಲಿ ಭಾಯ್ ಎಂದು ಕೇಳಿದೆ. ಮುಂದಿನ ವಾರ ಮಾಸ್ಕ್ ರೋಡಿನ ದರ್ಜಿಯ ಹತ್ತಿರ ಖಾಕಿ ಏಪ್ರನ್ ಹೊಲಿಸಿ ತಂದಿದ್ದಿರಿ. ಎಡಕ್ಕೆ ಒಂದೇ ಜೇಬು. ಅದು ಇವತ್ತಿಗೂ ನನ್ನ ಹತ್ತಿರ ಇದೆ. ಆ ಮನುಷ್ಯನೇ ಈಗ "ನಿನಗೆ ಯಾಕಮ್ಮ" ಎನ್ನುತ್ತಾನೆ.

ತಂತಿ ಏರಿಸು ಅಂದಿರಿ. ಟೆರೇಸಿಗೆ ಹೋಗಲು ಅಸೋಸಿಯೇಷನ್ ಬಿಡಬೇಕಲ್ಲ? ಸೆಕ್ರೆಟರಿ ಮುನಿರಾಜಪ್ಪನವರು ಬಾಗಿಲಿಗೆ ಬಂದು, "ಮೇಡಂ, ನಿಮ್ ತಂತಿ ಹಾಕಿದ್ಮೇಲಿಂದಾನೇ ಲಿಫ್ಟು ನಿಲ್ತಾ ಇರೋದು, ತೆಗ್ಸಿ" ಎಂದರು. ನನ್ನ ಸೆಟ್ಟು ಹದಿನೇಳು ದಿನ ಬಿಚ್ಚಿಕೊಂಡು ಊಟದ ಮೇಜಿನ ಮೇಲೆ ಬಿದ್ದಿದ್ದಾಗ ಲಿಫ್ಟ್ ಐದು ಸಲ ನಿಂತಿತ್ತು. ತಾರೀಖು ಸಮೇತ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದೆ. ಅದನ್ನು ಕಿತ್ತು ಹಾಕಿದರು. ಇನ್ನೊಂದು ಅಂಟಿಸಿದೆ. ಈಗ ಬಾಲ್ಕನಿಯಿಂದ ಕಾಂಪೌಂಡಿನ ಹೊಂಗೆ ಮರಕ್ಕೆ ಕಟ್ಟಿದ್ದೇನೆ. ಬಾಲ್ಕನಿ ನನ್ನದು. ಮರ ಯಾರದ್ದೂ ಅಲ್ಲ. ಆದರೆ ತಂತಿ ಜೋತುಬಿದ್ದು ಸಿಗ್ನಲ್ ನೆಲದಲ್ಲೇ ತೆವಳುತ್ತಿದೆ.

ಕೆಳಗೆ ಮುನಿರಾಜಪ್ಪ, ಗಾಳಿಯಲ್ಲಿ ಗುರುರಾಜ್, ಈಗ ರಾಯಚೂರಿನಿಂದ ನೀವು. ಎಲ್ಲರಿಗೂ ನಾನು ಸುಮ್ಮನಿರಬೇಕು. ಇರುವುದಿಲ್ಲ. ಹೆಂಗಸಿನ ಕೈಗೆ ನಾನೂರು ವಾಟ್ ಕೊಡಲು ಮನಸ್ಸಿಲ್ಲದಿದ್ದರೆ ಪೆಟ್ಟಿಗೆ ಕಳಿಸಲೇಬಾರದಿತ್ತು. ಇದೇ ತಿಂಗಳು ಮುಚ್ಚಳ ತೆಗೆಯುತ್ತೇನೆ.

ಎಪ್ಪತ್ತಮೂರು. ಸಿಟ್ಟಿನಲ್ಲೂ ಬರೆಯುತ್ತಿದ್ದೇನೆ, ನೋಡಿ.

ಕೋಕಿಲಾ

*

ರಾಯಚೂರು
23 ಫೆಬ್ರವರಿ 2024

ಕೋಕಿಲಮ್ಮ,

ಹೆಂಗಸು ಗಂಡಸು ಎಂಬ ಮಾತನ್ನು ನನ್ನ ಬಾಯಿಂದ ಯಾವತ್ತಾದರೂ ಕೇಳಿದ್ದೀಯಾ? ಅದು ಬೇಡ.

ದಯವಿಟ್ಟು ತೆರೆಯಬೇಡ. ಶಿವಾಜಿನಗರದ ಗುಜರಿಯವರಿಗೆ ಹೇಳಿ ಎತ್ತಿಸಿಬಿಡು. ಟ್ರಾನ್ಸ್‌ಫಾರ್ಮರ್ ತಾಮ್ರಕ್ಕಾದರೂ ಬಂದಾರು.

ನೀನು ನನ್ನ ಮಾತು ಕೇಳುವವಳಲ್ಲ. ತೆರೆಯುವುದೇ ಆದರೆ ಏಪ್ರನ್ ಹಾಕಿಕೋ. ಪ್ಲಗ್ ಕಿತ್ತ ಮೇಲೂ ಅದನ್ನು ನಂಬಬೇಡ. ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಕೋಲು ಮುಟ್ಟಿಸದೆ ಒಳಗೆ ಬೆರಳನ್ನೂ ಹಾಕಬೇಡ. ಇದಕ್ಕಿಂತ ಹೆಚ್ಚು ಬರೆಯಲಾರೆ. ಬರೆಯಲು ಕೂತೆ, ಎರಡು ಹಾಳೆ ಹರಿದೆ.

ಪಾಷಾ

*

ಹೊರಮಾವು
27 ಫೆಬ್ರವರಿ 2024

ಅಹ್ಮದ್ ಪಾಷಾ ಅವರಿಗೆ,

ನಿಮ್ಮ ಇಪ್ಪತ್ತಮೂರನೆಯ ತಾರೀಖಿನ ಪತ್ರ ಇವತ್ತು ಮಧ್ಯಾಹ್ನ ಬಂತು. ನಾನು ಮುಚ್ಚಳ ತೆಗೆದದ್ದು ಮೊನ್ನೆ ಭಾನುವಾರ. ನಿಮ್ಮ ಎಚ್ಚರಿಕೆ ಎರಡು ದಿನ ತಡವಾಯಿತು.

ಏನಾಯಿತೆಂದು ಹೇಳುತ್ತೇನೆ, ಪೂರ್ತಿ ಓದಿ. ವರ್ಷಗಟ್ಟಲೆ ಮಲಗಿದ್ದ ಯಂತ್ರಕ್ಕೆ ಒಮ್ಮೆಲೇ ಕರೆಂಟ್ ಕೊಡಬಾರದೆಂದು ನೀವೇ ಕಲಿಸಿದಂತೆ, ದಾರಿಯಲ್ಲಿ ನೂರು ವಾಟಿನ ಬಲ್ಬೊಂದನ್ನು ಸೀರೀಸಿನಲ್ಲಿ ಹಾಕಿದೆ. ಮೊದಲ ಪರೀಕ್ಷೆ ಮುಚ್ಚಳದ ಸ್ವಿಚ್ಚಿನದು. ಮುಚ್ಚಳ ತೆಗೆದಿದ್ದರೆ ಆ ಸ್ವಿಚ್ಚು ಕರೆಂಟನ್ನು ತಡೆಯಬೇಕು. ಅಂದರೆ ಬಲ್ಬ್ ಹೊತ್ತಲೇಬಾರದು. ಪಕ್ಕದಲ್ಲಿ ಕಾಫಿ ಹಿಡಿದು ನಿಂತಿದ್ದ ನಮ್ಮವರಿಗೆ, "ನೋಡ್ತಾ ಇರಿ, ಏನೂ ಆಗಲ್ಲ" ಎಂದು ಹೇಳಿ ಬಟನ್ ಒತ್ತಿದೆ.

ಬಲ್ಬ್ ಹೊತ್ತಿಕೊಂಡಿತು.

ತಕ್ಷಣ ಆರಿಸಿ ಪ್ಲಗ್ ಕಿತ್ತೆ. ಕೆಪಾಸಿಟರ್‌ಗಳಲ್ಲಿ ತುಂಬಿದ ವಿದ್ಯುತ್ತನ್ನು ತಾನಾಗಿ ಇಳಿಸಲು ಒಳಗೊಂದು ರೆಸಿಸ್ಟರ್ ಇರುತ್ತದಲ್ಲ, ಅದಕ್ಕೆ ಎರಡು ನಿಮಿಷ ಸಾಕು. ನಾನು ಹತ್ತು ನಿಮಿಷ ಕಾದೆ. ಎಡಗೈ ಏಪ್ರನ್ ಜೇಬಿನಲ್ಲಿಟ್ಟು, ಬಲಗೈಯಲ್ಲಿ ಅರ್ಥಿಂಗ್ ಕೋಲು ಹಿಡಿದು, ಅದರ ತಾಮ್ರದ ಕೊಕ್ಕೆಯನ್ನು ಮುಟ್ಟಿಸಿದೆ. ದೀಪಾವಳಿ ಲಕ್ಷ್ಮಿ ಪಟಾಕಿಯ ಸದ್ದು. ನೀಲಿ ಬೆಳಕು. ನಮ್ಮವರ ಕೈಯಲ್ಲಿದ್ದ ಕಾಫಿ ಲೋಟ ನೆಲಕ್ಕೆ ಬಿತ್ತು. ಹತ್ತು ನಿಮಿಷದ ಮೇಲೂ ಅದರಲ್ಲಿ ಒಬ್ಬ ಮನುಷ್ಯನನ್ನು ಕೊಲ್ಲುವಷ್ಟು ಉಳಿದಿತ್ತು.

ಆಮೇಲೆ ಟಾರ್ಚ್ ಹಾಕಿ ನೋಡಿದೆ. ಇಳಿಸುವ ರೆಸಿಸ್ಟರಿನ ಒಂದು ಕಾಲನ್ನು ಯಾರೋ ಇಕ್ಕಳದಿಂದ ಕತ್ತರಿಸಿದ್ದರು. ಮುಚ್ಚಳದ ಸ್ವಿಚ್ಚು ಸದಾ ಒತ್ತಿಕೊಂಡೇ ಇರಲೆಂದು ಸಂದಿಯಲ್ಲಿ ಏನನ್ನೋ ತುರುಕಿದ್ದರು. ಚಿಮುಟದಿಂದ ಎಳೆದೆ. ನಾಲ್ಕು ಮಡಿಕೆ ಮಾಡಿದ ಕಾರ್ಡು. ಮಾತಾಡಿದ ಗುರುತಿಗೆ ನಾವು ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸುವ ಕಾರ್ಡು. ಬಿಚ್ಚಿದರೆ ಅದರ ಮೇಲೆ ನಿಮ್ಮ ಹೆಸರು, ನಿಮ್ಮ ಲೈಸೆನ್ಸಿನ ಕಾಲ್‌ಸೈನ್, ಪುಲಿಕೇಶಿನಗರದ ವಿಳಾಸ.

ಇದು ವಯಸ್ಸಾಗಿ ಕೆಟ್ಟದ್ದಲ್ಲ. ನೀವು ಕೈಯಾರೆ ಮಾಡಿದ್ದು. ಗೊತ್ತಿದ್ದೂ ನನ್ನ ಮನೆಗೆ ಕಳಿಸಿದ್ದು. "ಶೋಕೇಸಿನಲ್ಲಿಡು" ಎಂದು ಬರೆಯುವ ಜಾಗದಲ್ಲಿ "ಸ್ವಿಚ್ಚಿಗೆ ಕಾರ್ಡ್ ಇಟ್ಟಿದ್ದೇನೆ" ಎಂದು ಬರೆಯಲು ಎಷ್ಟು ಶಾಯಿ ಬೇಕಿತ್ತು? ಮೂವತ್ತು ವರ್ಷದಿಂದ ನನ್ನನ್ನು ಬಲ್ಲ ನೀವು, ಹೇಳಿದ ಮಾತನ್ನು ನಾನು ಕೇಳುತ್ತೇನೆಂದು ಹೇಗೆ ನಂಬಿದಿರಿ?

ಇವತ್ತು ಎಪ್ಪತ್ತಮೂರು ಇಲ್ಲ.

ಕೋಕಿಲಾ

*

ಹೊರಮಾವು
7 ಏಪ್ರಿಲ್ 2024

ಪಾಷಾ ಅವರಿಗೆ,

ಆರು ವಾರವಾಯಿತು. ನಿಮ್ಮಿಂದ ಒಂದು ಗೆರೆಯೂ ಇಲ್ಲ. ತಪ್ಪು ನಿಮ್ಮದು, ಮುಖ ಊದಿಸಿಕೊಂಡವರೂ ನೀವೇ. ಇರಲಿ.

ಗುಜರಿಗೆ ಹೋದೆ. ಕೊಡಲಿಕ್ಕಲ್ಲ, ತರಲಿಕ್ಕೆ. ಶಿವಾಜಿನಗರದ ಗಲ್ಲಿ ಗಲ್ಲಿ ಅಲೆದು ದಪ್ಪ ಸೆರಾಮಿಕ್ ರೆಸಿಸ್ಟರ್ ಹುಡುಕಿ ತಂದೆ. ಒಂದು ಸಾಲದೆಂದು ಎರಡು ಹಾಕಿದೆ. ಒಂದು ಸತ್ತರೆ ಇನ್ನೊಂದು ಇರಲಿ. ಮುಚ್ಚಳದ ಸ್ವಿಚ್ಚು ಹೊಸದು. ಈಗ ಮುಚ್ಚಳ ಬೆರಳಗಲ ಎತ್ತಿದರೂ ಬಲ್ಬ್ ಆರುತ್ತದೆ. ನಲವತ್ತು ಸಲ ಎತ್ತಿ ನೋಡಿದ್ದೇನೆ. ಪ್ಲಗ್ ಕಿತ್ತು ಎರಡು ನಿಮಿಷಕ್ಕೆ ಕೋಲು ಮುಟ್ಟಿಸಿದರೆ ಕಿಡಿ ಇಲ್ಲ.

ಕೆಲಸ ಮುಗಿದು ಹತ್ತು ದಿನವಾಯಿತು. ಪೂರ್ತಿ ಕರೆಂಟ್ ಕೊಟ್ಟು ಮಾತಾಡುವುದೊಂದೇ ಬಾಕಿ. ಅದು ಆಗುತ್ತಿಲ್ಲ. ಕೈ ಬಟನ್ ಹತ್ತಿರ ಹೋಗಿ ವಾಪಸ್ ಬರುತ್ತದೆ. ಹೆದರಿಕೆ ಆ ಯಂತ್ರದ್ದಲ್ಲ. ಅದರ ಒಳಗಿನ ಪ್ರತಿ ಬೆಸುಗೆ ನನಗೆ ಗೊತ್ತು. ನಿಮ್ಮಂಥವರೇ ಹೀಗೆ ಮಾಡಿದರೆ ನಾನು ಕಲಿತದ್ದರಲ್ಲಿ ಯಾವುದನ್ನು ನಂಬಲಿ ಎಂಬ ಹೆದರಿಕೆ. ಇದನ್ನು ನಮ್ಮವರಿಗೂ ಹೇಳಿಲ್ಲ.

ಆ ಕಾರ್ಡನ್ನು ಯಾಕೆ ಇಟ್ಟಿರಿ? ಇಷ್ಟಕ್ಕೆ ಉತ್ತರ ಬರೆಯಿರಿ. ಬರೆಯದಿದ್ದರೂ ಮೇ ಐದನೆಯ ತಾರೀಖಿನ ನೆಟ್ಟಿಗೆ ನಾನು ನಾನೂರು ವಾಟಿನಲ್ಲಿ ಬರುವವಳೇ.

ಕೋಕಿಲಾ

*

ರಾಯಚೂರು
18 ಏಪ್ರಿಲ್ 2024

ಕೋಕಿಲಮ್ಮನಿಗೆ ಅಹ್ಮದ್ ಪಾಷಾ ಬೇಡುವುದು ಕ್ಷಮೆ.

ನಾನು ಮುಖ ಊದಿಸಿಕೊಂಡಿರಲಿಲ್ಲ. ಮುಖ ಎತ್ತಲಾಗದೆ ಸುಮ್ಮನಿದ್ದೆ.

ಮೂರು ವರ್ಷದ ಹಿಂದೆ ಒಂದು ಶನಿವಾರ. ಮಾರನೆಯ ದಿನ ಕಾಂಟೆಸ್ಟ್, ದೇಶದಲ್ಲೆಲ್ಲ ಯಾರು ಹೆಚ್ಚು ಸ್ಟೇಷನ್ ಹಿಡಿಯುತ್ತಾರೆಂಬ ಪಂದ್ಯ. ಎಂಪ್ಲಿಫೈಯರ್ ಒಳಗೆಲ್ಲೋ ಚಟಪಟ ಕಿಡಿ ಹಾರುತ್ತಿತ್ತು. ಎಲ್ಲಿ ಎಂದು ನೋಡಬೇಕಾದರೆ ಮುಚ್ಚಳ ತೆಗೆದು ಚಾಲೂ ಮಾಡಬೇಕು. ಮುಚ್ಚಳ ತೆಗೆದರೆ ಸ್ವಿಚ್ಚು ಬಿಡುವುದಿಲ್ಲ. ಮೇಜಿನ ಮೇಲೆ ನನ್ನದೇ ಕಾರ್ಡಿನ ಕಟ್ಟಿತ್ತು. ಒಂದನ್ನು ಮಡಿಸಿ ತುರುಕಿದೆ. ಇಳಿಸುವ ರೆಸಿಸ್ಟರ್ ಕಾದು ಹೊಗೆಯಾಡುತ್ತಿತ್ತು. ಸೋಮವಾರ ಹೊಸದು ಹಾಕಿದರಾಯಿತೆಂದು ಅದರ ಕಾಲು ಕತ್ತರಿಸಿದೆ.

ಆಮೇಲೆ ಪ್ಲಗ್ ಕಿತ್ತೆ. ಕೋಲು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ನಾಲ್ಕು ಹೆಜ್ಜೆ ದೂರ. ಎದ್ದು ತರಲಿಲ್ಲ. ಬಲಗೈಯಲ್ಲಿ ಸ್ಕ್ರೂಡ್ರೈವರ್, ಎಡಗೈಯಲ್ಲಿ ಸ್ಟೀಲಿನ ಟಾರ್ಚ್, ಟಾರ್ಚಿನ ಕುಂಡೆ ಯಂತ್ರದ ಲೋಹದ ಚಾಸಿಯ ಮೇಲೆ. ಎರಡೂ ಕೈ ಒಳಗೆ, ಕೋಕಿಲಮ್ಮ. ಊರಿಗೆಲ್ಲ ಎಡಗೈ ಜೇಬಿನಲ್ಲಿಡಿ ಎಂದು ಪಾಠ ಮಾಡಿದವನ ಎರಡೂ ಕೈ ಒಳಗೆ.

ಗೋಡೆಗೆ ಹೋಗಿ ಬಿದ್ದಿದ್ದೆನಂತೆ. ಅಣ್ಣನ ಮಗ ಆಸ್ಪತ್ರೆಗೆ ಸೇರಿಸಿದ. ನೀವೆಲ್ಲ ನೋಡಲು ಬಂದಾಗ ಬಿಪಿ ಏರಿ ಬಿದ್ದೆ ಎಂದೆ. ನೀನು ಮೂಸಂಬಿ ತಂದಿದ್ದೆ, ಸುಲಿದು ಕೊಟ್ಟೆ, ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಬಲಗೈಯ ಬೆರಳುಗಳಿಗೆ ಇವತ್ತಿಗೂ ಸ್ಪರ್ಶವಿಲ್ಲ. ಅಕ್ಷರ ವಾಲಿದ್ದು ಕನ್ನಡಕದಿಂದಲ್ಲ, ಎಡಗೈಯಲ್ಲಿ ಬರೆಯುವುದರಿಂದ. ಈಗ ನನ್ನ ಬಲಗೈ ಸದಾ ಜೇಬಿನಲ್ಲೇ ಇರುತ್ತದೆ.

ಆ ಎಂಪ್ಲಿಫೈಯರನ್ನು ಬೇರೆ ಯಾರಿಗಾದರೂ ಕೊಟ್ಟರೆ ಮನೆಗೆ ಒಯ್ದ ಕೂಡಲೇ ಚಾಲೂ ಮಾಡುತ್ತಾರೆ. ಒಡೆಸಿ ಹಾಕಲು ಮನಸ್ಸು ಬರಲಿಲ್ಲ. ನಿನ್ನ ಮನೆಯಲ್ಲಿದ್ದರೆ ಜೋಪಾನವಾಗಿರುತ್ತದೆ ಎಂದುಕೊಂಡೆ. ಕಾರಣ ಬರೆದರೆ ಇದನ್ನೆಲ್ಲ ಬರೆಯಬೇಕಿತ್ತು. ನನ್ನ ಮಾನ ಉಳಿಸಿಕೊಳ್ಳಲು ನಿನ್ನ ಪ್ರಾಣವನ್ನು ಪಣಕ್ಕಿಟ್ಟೆ. ಇದಕ್ಕೆ ಬೇರೆ ಮಾತಿಲ್ಲ.

ಆದರೆ ನಾನು ಕಲಿಸಿದ್ದನ್ನು ಅನುಮಾನಿಸಬೇಡ. ನಾನು ಆ ಪಾಠವನ್ನು ಬಿಟ್ಟೆ, ಬಿದ್ದೆ. ನೀನು ಪಾಲಿಸಿದೆ, ಕೂತು ನನಗೆ ಬೈದು ಪತ್ರ ಬರೆದೆ. ಇನ್ನೇನು ಪುರಾವೆ ಬೇಕು?

ಈಗ ಒಂದು ಕೆಲಸ ಹೇಳುತ್ತೇನೆ. ಆ ಶನಿವಾರ ನಾನು ಕಾರ್ಡ್ ತುರುಕುವಾಗ ಗುರುರಾಜ್ ಪಕ್ಕದಲ್ಲೇ ನಿಂತು ನೋಡಿದ್ದ. "ಒಳ್ಳೇ ಐಡಿಯಾ ಭಾಯ್" ಅಂದು ಮನೆಗೆ ಹೋದ. ಆಮೇಲಿನದು ಅವನಿಗೆ ಗೊತ್ತಿಲ್ಲ. ಅವನ ಎಂಪ್ಲಿಫೈಯರ್‌ನಲ್ಲೂ ಒಂದು ಕಾರ್ಡ್ ಇರಬಹುದು. ಇನ್ನೆಷ್ಟು ಜನ ಅವನಿಂದ ಕಲಿತರೋ. ನನ್ನ ಹತ್ತಿರ ಈಗ ಸೆಟ್ಟಿಲ್ಲ. ನಿನ್ನ ಹತ್ತಿರ ನಾನೂರು ವಾಟ್ ಇದೆ. ಈ ಪತ್ರವನ್ನು ನೆಟ್ಟಿನಲ್ಲಿ ಓದು.

ಪಾಷಾ

*

ಹೊರಮಾವು
5 ಮೇ 2024, ಭಾನುವಾರ

ಪಾಷಾ ಭಾಯ್,

ನೆಟ್ ಮುಗಿದು ಅರ್ಧ ಗಂಟೆಯೂ ಆಗಿಲ್ಲ. ಏಪ್ರನ್ ಕೂಡ ಬಿಚ್ಚಿಲ್ಲ, ಬರೆಯಲು ಕೂತಿದ್ದೇನೆ.

ಏಳೂವರೆಗೆ ಬಟನ್ ಒತ್ತಿದೆ. ಕೈ ಈ ಸಲ ವಾಪಸ್ ಬರಲಿಲ್ಲ. ಫ್ಯಾನ್ ತಿರುಗಿತು, ವಾಲ್ವುಗಳು ಕೆಂಪಗಾದವು, ಮೀಟರ್ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಎಂಟಕ್ಕೆ ಗುರುರಾಜ್ ಹಾಜರಿ ಶುರು ಮಾಡಿದ. ನನ್ನ ಕಾಲ್‌ಸೈನ್ ಹೇಳಿದೆ. ಅವನು ಅಭ್ಯಾಸಬಲದಿಂದ, "ಹೊರಮಾವು, ಸ್ಟ್ಯಾಂಡ್ ಬೈ ಮಾಡಿ ಮೇ..." ಎಂದವನು ಅಲ್ಲೇ ನಿಂತು, "ಮೇಡಂ? ಇದೇನ್ರೀ ಇಷ್ಟು ಜೋರಾಗಿ ಬರ್ತಿದೀರ?" ಎಂದ.

"ಸ್ಟ್ಯಾಂಡ್ ಬೈ ಮಾಡಲ್ಲ ಗುರುರಾಜ್. ಇವತ್ತು ನೀವು ಮಾಡಿ, ಎಲ್ಲರೂ ಮಾಡಿ. ನಾಲ್ಕು ನಿಮಿಷ ನಾನು ಓದ್ತೀನಿ" ಎಂದೆ. ಮೂವತ್ತೊಂದು ಸ್ಟೇಷನ್ ಸುಮ್ಮನಾದವು. ಓದಿದೆ. ಕಾರ್ಡು, ಕತ್ತರಿಸಿದ ಕಾಲು, ಮೊಳೆಯಲ್ಲಿದ್ದ ಕೋಲು, ಎರಡೂ ಕೈ. ದನಿ ಒಂದೆರಡು ಕಡೆ ನಡುಗಿತು. ನಡುಗಿದರೆ ನಡುಗಲಿ, ಮುಟ್ಟಿತಲ್ಲ.

ಓದಿ ಮುಗಿಸಿದೆ. ಗುರುರಾಜ್, "ಒಂದ್ನಿಮಿಷ ಬಂದೆ" ಎಂದು ಮಾಯವಾದ. ಬಂದಾಗ ಉಸಿರು ಹತ್ತಿತ್ತು. "ಪ್ಲಗ್ ಕಿತ್ತು, ಕೋಲು ಮುಟ್ಟಿಸಿ, ತೆಗ್ದೆ ಮೇಡಂ. ನಂದ್ರಲ್ಲೂ ಇತ್ತು." ಅವನಾದ ಮೇಲೆ ಹಲಸೂರಿನ ಒಬ್ಬರು ತಾವೂ ತೆಗೆಯುವುದಾಗಿ ಹೇಳಿದರು. ಆಮೇಲೆ ಇನ್ನೂ ಇಬ್ಬರು.

ಇನ್ನೊಂದು ಸುದ್ದಿ. ಲಿಫ್ಟ್ ಇವತ್ತು ಬೆಳಗ್ಗೆಯಿಂದ ಸರಿಯಾಗಿ ಓಡುತ್ತಿದೆ, ನಾನೂರು ವಾಟ್ ಇದ್ದರೂ. ಅದನ್ನೂ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿ ಬಂದೆ. ಮುನಿರಾಜಪ್ಪನವರು ಕಿತ್ತಿಲ್ಲ.

ಒಂದು ಬದಲಾವಣೆ ಮಾಡಿದೆ, ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಹೆಸರಿರುವ ಕಡೆಯೆಲ್ಲ "ನಮ್ಮೂರಿನ ಒಬ್ಬ ಹಿರಿಯ ಹ್ಯಾಮ್" ಎಂದು ಓದಿದೆ. ಆ ಶನಿವಾರ ಗುರುರಾಜ್ ಪಕ್ಕದಲ್ಲಿದ್ದ ಸಾಲನ್ನೂ ಬಿಟ್ಟೆ. ಅವನು ಊಹಿಸಿರಬಹುದು, ಕೇಳಲಿಲ್ಲ. ನಿಮ್ಮ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ ಭಾಯ್. ಹಾಗಿದ್ದೂ ಹೆಸರು ಹೇಳಲು ನಾಲಿಗೆ ಏಳಲಿಲ್ಲ.

ಎಪ್ಪತ್ತಮೂರು.

ಕೋಕಿಲಾ

*

ರಾಯಚೂರು
13 ಮೇ 2024

ಕೋಕಿಲಮ್ಮನಿಗೆ,

ಇದರ ಜೊತೆ ಒಂದು ಕಾರ್ಡ್ ಇಟ್ಟಿದ್ದೇನೆ. ಹಳೆಯ ಕಟ್ಟಿನಲ್ಲಿ ಉಳಿದದ್ದು. ಮಡಿಸಿಲ್ಲ. ತಾರೀಖು ಐದು ಮೇ, ವೇಳೆ ಎಂಟು ಗಂಟೆ ನಾಲ್ಕು ನಿಮಿಷ, ಸಿಗ್ನಲ್ ಐದು ಒಂಬತ್ತು. ಅದಕ್ಕಿಂತ ಮೇಲಿನ ಅಂಕ ನಮ್ಮಲ್ಲಿಲ್ಲ, ನಿನಗೆ ಗೊತ್ತು.

ಹೌದು, ಕೇಳಿದೆ. ಅಣ್ಣನ ಮಗನ ಕೈಲಿ ಅಂಗೈಯಗಲದ ಶಾರ್ಟ್‌ವೇವ್ ರೇಡಿಯೋ ತರಿಸಿ, ಕಿಟಕಿಯ ಸರಳಿಗೆ ತಂತಿ ಸುತ್ತಿ ಕೂತಿದ್ದೆ. ಮೂರು ವರ್ಷದ ಮೇಲೆ ಮೊದಲ ಸಲ ನೆಟ್ ಹಾಕಿದೆ. ನಾನೇ ಸುತ್ತಿದ ಟ್ರಾನ್ಸ್‌ಫಾರ್ಮರ್, ನೀನು ಹಾಕಿದ ಬೆಸುಗೆ, ನಿನ್ನ ದನಿ. ಗುರುರಾಜ್ "ನಂದ್ರಲ್ಲೂ ಇತ್ತು" ಅಂದಾಗ ಅತ್ತುಬಿಟ್ಟೆ. ಅಣ್ಣನ ಮಗ ಹೆದರಿ ನೀರು ತಂದ.

ಆದರೆ ನಿನ್ನ ಆ ಬದಲಾವಣೆಯನ್ನು ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ. "ಒಬ್ಬ ಹಿರಿಯ ಹ್ಯಾಮ್" ಅಂತೆ! ಯಾರೋ ಒಬ್ಬ ದಡ್ಡ ಮುದುಕ ಮಾಡಿಕೊಂಡ ಅಂದುಕೊಳ್ಳುತ್ತಾರೆ, ಎರಡು ವಾರಕ್ಕೆ ಮರೆಯುತ್ತಾರೆ, ಮತ್ತೆ ಕಾರ್ಡ್ ತುರುಕುತ್ತಾರೆ. ಪಾಠ ಹೇಳಿದವನೇ ಬಿದ್ದ ಎಂದು ಗೊತ್ತಾದರೆ ಮಾತ್ರ ಕೈ ಜೇಬಿಗೆ ಹೋಗುವುದು. ಮೂರು ವರ್ಷ ಹೆಸರು ಮುಚ್ಚಿಟ್ಟುಕೊಂಡು ನಾನು ಏನು ಸಾಧಿಸಿದೆ ಎಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಈಗ ನೀನೂ ಮುಚ್ಚಬೇಡ. ನನಗೆ ನಿನ್ನ ಕರುಣೆ ಬೇಡ, ನಿನ್ನ ನಾನೂರು ವಾಟ್ ಬೇಕು.

ಬರುವ ಭಾನುವಾರ ಇನ್ನೊಮ್ಮೆ ಓದು. ಮೊದಲ ಸಾಲಿನಿಂದ, ಒಂದು ಸಾಲೂ ಬಿಡದೆ. ಅಹ್ಮದ್ ಪಾಷಾ, ಪುಲಿಕೇಶಿನಗರ ಎಂದು ಹೇಳಿ, ಕಾಲ್‌ಸೈನನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳು. ಎಂಟು ಗಂಟೆಗೆ ನಾನು ಕಿಟಕಿಯ ಹತ್ತಿರ ಕೂತಿರುತ್ತೇನೆ.

ಎಪ್ಪತ್ತಮೂರು.

ಪಾಷಾ